ತಿಪ್ಪೇರುದ್ರಪ್ಪನು ಕುಡುಕರ ಸಭೆಯನ್ನು ತ್ಯಜಿಸಹೊರಟ ಪ್ರಸಂಗ

ಬೀದಿಯ ತಿರುವುತಿರುವಿನಲ್ಲೂ ವೈನ್‌ಶಾಪೆಂಬ ದೇಗುಲವು ದೀಪಮಾಲಾಲಂಕೃತವಾಗಿ ಭಕ್ತಕೋಟಿಯನ್ನು ಕೈಬೀಸಿ ಕರೆಯುತ್ತಿದ್ದ ಈ ಘೋರ ಕಲಿಯುಗದಲ್ಲಿ, ಚಳ್ಳಕೆರೆಯೆಂಬ ಮಹಾಪಟ್ಟಣದೊಳಗೆ, ಮದಿರಾಮದಮರ್ದನನೂ ಬಹುವರ್ಷಶುಷ್ಕಕಂಠನೂ ದಗ್ಧಮೋಟಾರುಪುನರುಜ್ಜೀವನಧುರಂಧರನೂ ಆದ ತಿಪ್ಪೇರುದ್ರಪ್ಪನೆಂಬ ವೀರನಿದ್ದನು. ವಾಗ್ದೇವಿಯೇ, ಅವನ ಪರಾಕ್ರಮವನ್ನು ಬಣ್ಣಿಸಲು ನನ್ನ ನಾಲಗೆಗೆ ಬಲ ಕೊಡು; ನಗು ಬಂದರೆ ತಡೆದುಕೊಳ್ಳುವ ಶಕ್ತಿಯನ್ನೂ ಕೊಡು ತಾಯಿ.

ಇಂತಪ್ಪ ವೀರನು, ಕುಡಿತ ಬಿಟ್ಟವರ ಭಾನುವಾರದ ಸಭೆಗೆ ವರ್ಷಾನುಗಟ್ಟಲೆ ನಡೆದೂ ನಡೆದೂ ಬೇಸತ್ತಿದ್ದನು. ಬೇಸರವಾಗದೆ ಇನ್ನೇನು? ಸಭೆ ಸೇರುವುದು ಪ್ರಾಥಮಿಕ ಶಾಲೆಯ ಕೊಠಡಿಯಲ್ಲಿ. ಒಂದನೇ ತರಗತಿಯ ಬೆಂಚುಗಳಲ್ಲಿ ಗಜಗಾತ್ರದ ಮಹಾರಥಿಗಳು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂರಬೇಕು. ಅಲ್ಲಿ ನಿವೃತ್ತ ಕಂಡಕ್ಟರ್ ಓಬಳಣ್ಣನು, ತಾನು ಕುಡಿದು ಚರಂಡಿಗೆ ಬಿದ್ದ ಪುರಾಣವನ್ನು ವಾರವಾರವೂ ಮೊದಲಿಂದ ಶುರುಮಾಡುವನು. ಆ ಚರಂಡಿಯ ಆಳ ಅಗಲಗಳು ವೀರನಿಗೆ ಬಾಯಿಪಾಠವಾಗಿದ್ದವು.

ಇದೆಲ್ಲ ನೆಪ ಬಿಡಿ. ನಿಜ ಸಂಗತಿಯೆಂದರೆ, ಈ ಭಾನುವಾರದ ಮರುದಿನವೇ ಅವನ ಷಡ್ಡಕನ ಮಗಳ ಮದುವೆ. ಕಲ್ಯಾಣಮಂಟಪದ ಹಿಂದೆ ಷಡ್ಡಕನ ಕಾರಿನ ಡಿಕ್ಕಿ ತೆರೆಯುವುದೆಂದೂ, ಒಳಗೆ ಬಾಟಲಿಗಳ ಚತುರಂಗ ಸೇನೆ ಸಜ್ಜಾಗಿರುವುದೆಂದೂ ಗೂಢಚಾರರು ವರದಿ ತಂದಿದ್ದರು. ಒಂದೇ ಒಂದು ಪೆಗ್ಗು, ಎಂದು ವೀರನು ಮನದೊಳಗೇ ಸಂಕಲ್ಪ ತೊಟ್ಟಿದ್ದನು. ಇನ್ನೊಮ್ಮೆ ಶುರುಮಾಡಿದರೆ ಲಿವರ್ ಕೈಕೊಡುತ್ತದೆಂದು ಡಾಕ್ಟರು ಹೇಳಿದ್ದರು. ಒಂದಕ್ಕೆ ನಿಲ್ಲುವ ಗಂಡಸು ಅವನಲ್ಲವೆಂಬುದು ಹೆಂಡತಿಗೂ ಗೊತ್ತಿತ್ತು, ಪಾಪ, ಅವನಿಗೂ ಗೊತ್ತಿತ್ತು.

ಆದಕಾರಣ ಮೊದಲು ಸಭೆಗೆ ರಾಜೀನಾಮೆ. ಅಂದಿನ ಸಭೆಗೆ ಹೋಗುವ ದಾರಿಯುದ್ದಕ್ಕೂ ವೀರನು ವಿದಾಯಭಾಷಣವನ್ನು ಮಸೆದನು. ತಾನು ಸಂಪೂರ್ಣ ಗುಣಮುಖನೆಂದೂ, ಊರುಗೋಲು ಮುದುಕರಿಗಲ್ಲದೆ ಸಿಂಹಕ್ಕಲ್ಲವೆಂದೂ, ಚರಂಡಿಶ್ರವಣದಿಂದ ತನ್ನ ಕಿವಿಗಳಿಗೆ ಇಂದೇ ಮೋಕ್ಷವೆಂದೂ ಗರ್ಜಿಸಿದನು. ಎದುರಾದ ಸೊಪ್ಪಿನವಳು, ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದಾನೆಂದುಕೊಂಡು ಪಕ್ಕಕ್ಕೆ ಸರಿದಳು.

ಸಭೆಯಲ್ಲಿ ಓಬಳಣ್ಣನ ಚರಂಡಿ ಮುಗಿಯಿತು. ವೀರನು ಬೆಂಚಿನ ಹಿಡಿತದಿಂದ ತನ್ನ ಸೊಂಟವನ್ನು ಹೇಗೋ ಬಿಡಿಸಿಕೊಂಡು ಎದ್ದುನಿಂತು, ಮೀಸೆ ತೀಡಿ, ಬಾಯಿ ತೆರೆದನು. ಆ ಸಭೆಯಲ್ಲಿ ಯಾರೇ ಮಾತು ತೆಗೆದರೂ ಮೊದಲು ಒಂದು ವಾಕ್ಯ ಹೇಳುವುದು ರೂಢಿ. ಬಹುಕಾಲದ ಅಭ್ಯಾಸ ನೋಡಿ, ನಾಲಗೆಯು ಯಜಮಾನನ ಅಪ್ಪಣೆಗೆ ಕಾಯಲೇ ಇಲ್ಲ.

“ನಾನು ತಿಪ್ಪೇರುದ್ರಪ್ಪ. ನಾನೊಬ್ಬ ಕುಡುಕ.”

“ನಮಸ್ಕಾರ ತಿಪ್ಪೇರುದ್ರಪ್ಪ,” ಎಂದಿತು ಸಭೆ.

ಮುಗಿಯಿತಲ್ಲ ಕಥೆ! ಗುಣಮುಖ ಸಿಂಹವು ಇನ್ನು ಯಾವ ಮುಖ ಹೊತ್ತು ಗರ್ಜಿಸೀತು? ನಾಚಿಕೆಯೂ ಭಯವೂ ಒಟ್ಟಿಗೇ ನುಗ್ಗಿ ಬಂದು, ವೀರನ ಕಣ್ಣು ತುಂಬಿತು.

“ನಾಳೆ ಮದ್ವೇಲಿ ಕುಡೀಬೇಕು ಅಂತ ಮಾಡಿದೀನಿ,” ಎಂದನು. “ಹೆದ್ರಿಕೆ ಆಗ್ತೈತೆ.”

ಯಾರೂ ಉಪದೇಶಕ್ಕೆ ಹೊರಡಲಿಲ್ಲ. ಓಬಳಣ್ಣನು ಕನ್ನಡಕ ಒರೆಸಿಕೊಂಡು, “ನಾನೂ ಬರ್ತೀನಿ ಬಿಡು, ಪಕ್ಕದಾಗೇ ಕುಂತಿರ್ತೀನಿ,” ಎಂದವನು, ತುಸು ಯೋಚಿಸಿ, “ಊಟ ಎಷ್ಟೊತ್ತಿಗೆ?” ಎಂದು ಕೇಳಿದನು.

ಮರುದಿನ ಮಂಟಪದ ಹಿಂದೆ ಡಿಕ್ಕಿ ತೆರೆಯಿತು. ಷಡ್ಡಕನ ದೂತರು ವೀರನನ್ನು ಅರಸುತ್ತ ಊಟದ ಹಾಲಿಗೇ ಬಂದರು. ಆದರೆ ಮದಿರಾಮದಮರ್ದನನಿಗೆ ಪುರುಸೊತ್ತಿರಲಿಲ್ಲ. ಓಬಳಣ್ಣನ ಹೋಳಿಗೆಗೆ ತುಪ್ಪ ಹಾಕದೆ ಮುಂದೆ ಹೋದರೆಂದು ಅವನು ಬಡಿಸುವವರೊಡನೆ ಜಗಳಕ್ಕೆ ನಿಂತಿದ್ದನು.