ಅತ್ತೆಯ ಮುಖಕ್ಕೆ ಮುನ್ನೂರು ಡಿಪಿಐ

ಮಹಾಂತೇಶನ ಅತ್ತೆ ಬಸವಲಿಂಗಮ್ಮ ನಕ್ಕ ಫೋಟೋ ಜಗತ್ತಿನಲ್ಲಿ ಇದ್ದದ್ದು ಒಂದೇ. ಅದೂ ವಾಟ್ಸಾಪ್ ಗ್ರೂಪಿನಿಂದ ಗ್ರೂಪಿಗೆ ಅಲೆದು ಸವೆದು ಸಣ್ಣಗಾಗಿತ್ತು. ಯುಗಾದಿಯ ದಿನ ಕತ್ರಿಗುಪ್ಪೆಯ ಅವನ ಮನೆಯಲ್ಲೇ ತೆಗೆದದ್ದು. ಈಗ ಅತ್ತೆಗೆ ಎಪ್ಪತ್ತೈದು ತುಂಬಿದ ಸಮಾರಂಭ. ಸಂಜೆ ಹೊಸಕೆರೆಹಳ್ಳಿಯ ಛತ್ರದಲ್ಲಿ, ವೇದಿಕೆಯ ಹಿಂದೆ ಆ ನಗುಮುಖ ಎಂಟಡಿ ಎತ್ತರಕ್ಕೆ ನಿಲ್ಲಬೇಕಿತ್ತು.

ಊಟ, ಛತ್ರ, ಸ್ವಾಮಿಗಳನ್ನು ಕರೆತರುವುದು ಎಲ್ಲವನ್ನೂ ಭಾವಮೈದ ಕೈಲಾಸ್ ವಹಿಸಿಕೊಂಡಿದ್ದ. ಬ್ಯಾನರು ಮಾತ್ರ ತನ್ನದು ಎಂದು ಮಹಾಂತೇಶ ತಾನಾಗಿಯೇ ಮುಂದೆ ಬಿದ್ದಿದ್ದ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಕೇಳದ ಪಾಪದ ಅಳಿಯ ಅವನು. ನೆಂಟರೆಲ್ಲರ ಎದುರು ಒಂದು ಸಲ ಆ ಮಾತು ಬಂದುಬಿಟ್ಟರೆ ಸಾಕು ಎಂಬುದು ಅವನ ಆಸೆ.

ಬೆಳಿಗ್ಗೆ ಫ್ಲೆಕ್ಸ್ ಅಂಗಡಿಯ ರವಿಕಿರಣ್ ಫೋಟೋವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿದ. ಬಸವಲಿಂಗಮ್ಮನ ಮುಖ ಬಚ್ಚಲಮನೆಯ ಟೈಲ್ಸಿನ ಹಾಗೆ ಚೌಕ ಚೌಕವಾಯಿತು.

"ಇದ್ರಲ್ಲಿ ಪಿಕ್ಸೆಲ್ಲೇ ಇಲ್ಲ ಸಾರ್."

"ಇಲ್ಲ ಅಂದ್ರೆ? ಮೊಬೈಲಲ್ಲಿ ಸಖತ್ತಾಗಿ ಕಾಣುತ್ತಲ್ರೀ!"

"ಮೊಬೈಲು ಅಂಗೈಯಷ್ಟು. ನಿಮಗೆ ಬೇಕಿರೋದು ಎಂಟಡಿ. ಒಂದು ಸೌಟು ಹಿಟ್ಟಲ್ಲಿ ಎಂಟಡಿ ದೋಸೆ ಹುಯ್ಯಕ್ಕಾಗುತ್ತಾ?"

"ಹಾಗಾದ್ರೆ ಎಷ್ಟು ಬೇಕು?"

"ಮುನ್ನೂರು ಡಿಪಿಐ, ಅಂದ್ರೆ ಇಂಚಿಗೆ ಮುನ್ನೂರು ಚುಕ್ಕಿ ಇದ್ರೆ ಸೂಪರ್. ಫ್ಲೆಕ್ಸ್‌ಗೆ ನೂರಿದ್ರೂ ನಡಿಯುತ್ತೆ. ಮೂರು ಗಂಟೆ ಒಳಗೆ ತನ್ನಿ, ಆಮೇಲೆ ಮಿಷಿನ್ ಖಾಲಿ ಇರಲ್ಲ."

ಇದರಲ್ಲಿ ಮಹಾಂತೇಶನಿಗೆ ಅರ್ಥವಾದದ್ದು ಮೂರು ಗಂಟೆ ಎಂಬುದಷ್ಟೇ. ಫೋಟೋ ತೆಗೆದವಳು ಕೈಲಾಸನ ಮಗಳು ಐಶ್ವರ್ಯ. ಅವಳನ್ನು ಕೇಳಿದರೆ ಕೈಲಾಸನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಇಷ್ಟೂ ಕೈಲಾಗಲಿಲ್ಲವೇ ಎಂದು ಛತ್ರದ ತುಂಬ ಆಡಿಕೊಳ್ಳುತ್ತಾನೆ. ಹಾಗಾಗಿ ಅವನು ಪಕ್ಕದ ಮನೆಯ ಸೇತುರಾಮರ ಬಾಗಿಲು ತಟ್ಟಿದ. ನಿವೃತ್ತರಾದ ಮೇಲೆ ಸೇತುರಾಮರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ.

"ಇದೇನು ಮಹಾ!" ಎನ್ನುತ್ತ ಅವರು ಲ್ಯಾಪ್‌ಟಾಪ್ ತೆರೆದರು. "ನೋಡಿ, ಡಿಪಿಐ ಎಪ್ಪತ್ತೆರಡು ಅಂತಿದೆ. ಅಳಿಸಿ ಮುನ್ನೂರು ಅಂತ ಹಾಕಿದ್ರಾಯ್ತು."

ಹಾಕಿದರು. ಫೋಟೋ ಕಮಕ್ ಕಿಮಕ್ ಎನ್ನಲಿಲ್ಲ. ಇರಲಿ ಎಂದು ಮೂರು ಸಾವಿರವನ್ನೂ ಹಾಕಿದರು. ಮಹಾಂತೇಶ ಅದನ್ನು ಹಿಡಿದು ಅಂಗಡಿಗೆ ಓಡಿದ.

"ಡಬ್ಬದ ಮೇಲೆ ಗೋಡಂಬಿ ಅಂತ ಚೀಟಿ ಅಂಟಿಸಿದ್ರೆ ಒಳಗಿರೋ ಕಡ್ಲೇಬೀಜ ಗೋಡಂಬಿ ಆಗಲ್ಲ ಸಾರ್" ಎಂದ ರವಿಕಿರಣ್.

ಮನೆಗೆ ಮರಳಿದಾಗ ಸೇತುರಾಮರ ಹೆಂಡತಿ ವಾರಿಜಾ ತಮ್ಮ ಹೊಸ ಫೋನು ಹಿಡಿದು ಕಾಯುತ್ತಿದ್ದರು. "ಇದ್ರಲ್ಲಿ ನೂರೆಂಟು ಮೆಗಾಪಿಕ್ಸೆಲ್ ಇದೆಯಂತೆ ಕಣ್ರೀ. ಅಲ್ಲಿ ಪಿಕ್ಸೆಲ್ ಇಲ್ಲ, ಇಲ್ಲಿ ಬೇಕಾದಷ್ಟಿದೆ. ಫೋಟೋದ ಫೋಟೋ ತೆಗೆದ್ರೆ ತುಂಬ್ಕೊಳ್ಳುತ್ತಲ್ವಾ?"

ಮಹಾಂತೇಶನಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಪರದೆ ಎಳೆದು, ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ಲ್ಯಾಪ್‌ಟಾಪಿನ ಫೋಟೋ ತೆಗೆದರು. ಫೈಲು ನಿಜವಾಗಿಯೂ ದಪ್ಪಗಾಗಿತ್ತು. ಈ ಸಲ ಅವನು ಎದೆ ಉಬ್ಬಿಸಿಕೊಂಡೇ ಅಂಗಡಿಗೆ ಹೋದ.

ರವಿಕಿರಣ್ ಬಹಳ ಹೊತ್ತು ನೋಡಿದ. "ಮಸುಕು ಮಾತ್ರ ಸಖತ್ ಕ್ಲಿಯರ್ ಆಗಿ ಬಂದಿದೆ ಸಾರ್. ಸ್ಕ್ರೀನ್ ಮೇಲಿನ ಧೂಳೂ ಬಂದಿದೆ. ಇಲ್ಲಿ ಸ್ಕ್ರೀನ್ ಗಾಜಲ್ಲಿ ಕೈ ಕಟ್ಕೊಂಡು ನಿಂತಿರೋ ಅಂಕಲ್ ಯಾರು?"

ಸೇತುರಾಮರು ಸೋಲೊಪ್ಪುವವರಲ್ಲ. ಮಸುಕು ಫೋಟೋವನ್ನು ತಿದ್ದುವ ಆ್ಯಪೊಂದನ್ನು ಹುಡುಕಿ ತೆಗೆದರು. ಕ್ಷಣದಲ್ಲಿ ಮುಖ ಫಳಫಳ ಹೊಳೆಯಿತು. ಮಹಾಂತೇಶ ಕುಣಿಯುತ್ತ ಹೋಗಿ ಹೆಂಡತಿಗೆ ತೋರಿಸಿದ. ಸಂಗೀತಾ ಕಣ್ಣರಳಿಸಿ ನೋಡಿದಳು.

"ತುಂಬಾ ಚೆನ್ನಾಗಿದಾರೆ. ಯಾರ್ರೀ ಇವ್ರು?"

ಗಂಟೆ ಎರಡೂವರೆಯಾಗಿತ್ತು. ಮಾನ ಮರ್ಯಾದೆ ಬದಿಗಿಟ್ಟು ಮಹಾಂತೇಶ ಐಶ್ವರ್ಯಳಿಗೆ ಫೋನ್ ಮಾಡಿದ.

"ಅಯ್ಯೋ ಮಾವ, ಒರಿಜಿನಲ್ ನನ್ ಫೋನಲ್ಲೇ ಇದೆ. ವಾಟ್ಸಾಪಲ್ಲಿ ಸುಮ್ನೆ ಹಾಕಿದ್ರೆ ಫೋಟೋ ಸಣ್ಣ ಆಗ್ಬಿಡುತ್ತೆ. ಡಾಕ್ಯುಮೆಂಟ್ ಮಾಡಿ ಕಳಿಸ್ತೀನಿ. ಬೆಳಿಗ್ಗೆನೇ ಕೇಳ್ಬಾರ್ದಿತ್ತಾ?"

ಬಂದ ಫೋಟೋವನ್ನು ರವಿಕಿರಣ್ ಎಷ್ಟು ಹಿಗ್ಗಿಸಿದರೂ ಅದು ಒಡೆಯಲಿಲ್ಲ. ಅತ್ತೆಯ ಹುಬ್ಬಿನ ಕೂದಲು ಎಣಿಸಬಹುದಿತ್ತು. ಮಹಾಂತೇಶನಿಗೆ ಕಣ್ಣಲ್ಲಿ ನೀರೇ ಬಂತು. ಆ ಮುಖ ಬಿಟ್ಟು ಬೇರೇನನ್ನೂ ಅವನು ನೋಡಲಿಲ್ಲ.

ಸಂಜೆ ಬ್ಯಾನರು ಬಿಚ್ಚಿಕೊಂಡಾಗ ಛತ್ರವೇ "ಆಹಾ" ಎಂದಿತು. ವೇದಿಕೆಯ ಕುರ್ಚಿಯಲ್ಲಿದ್ದ ಬಸವಲಿಂಗಮ್ಮ ತಿರುಗಿ ನೋಡಿ, ಏನೋ ಹೇಳಲು ಬಾಯಿ ತೆರೆದರು. ಮಹಾಂತೇಶ ಅಂಗಿಯ ಕಾಲರು ಸರಿಮಾಡಿಕೊಂಡ.

ಅಷ್ಟರಲ್ಲಿ ಕೈಲಾಸ್ ಬ್ಯಾನರಿನ ಹತ್ತಿರ ಹೋಗಿ ಬಗ್ಗಿದ. "ಅಮ್ಮಾ, ನಿನ್ನ ಕೈಯಲ್ಲೇನದು?"

ಎಲ್ಲರೂ ಕತ್ತು ಚಾಚಿದರು. ಮೊಬೈಲಿನಲ್ಲಿ ಇಷ್ಟು ದಿನ ಮಡಿಸಿದ ಕರ್ಚೀಫಿನಂತೆ ಕಂಡಿದ್ದು ಹೋಳಿಗೆ. ಹೂರಣ ಕಾಣುವಂತೆ ಒಂದು ತುತ್ತು ಕಚ್ಚಿಯೂ ಆಗಿತ್ತು.

"ಎರಡು ವರ್ಷದಿಂದ ಸಿಹಿ ಮುಟ್ಟಿಲ್ಲ ಅಂತಿದ್ಯಲ್ಲಮ್ಮಾ! ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟ್ರನ್ನೇ ಬದಲಾಯಿಸಿದ್ವಿ ನಾವು!"

ಬಸವಲಿಂಗಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ನಾನೇನಪ್ಪ ಮಾಡ್ಲಿ? ಅಳಿಯಂದ್ರು ಬಲವಂತ ಮಾಡಿದ್ರು. ಅವ್ರ ಮನೇಲಿ ಬೇಡ ಅನ್ನಕ್ಕಾಗುತ್ತಾ?"

ಛತ್ರಕ್ಕೆ ಛತ್ರವೇ ಮಹಾಂತೇಶನ ಕಡೆ ತಿರುಗಿತು. ಆ ಹೋಳಿಗೆಯನ್ನು ಅವನು ಕಂಡದ್ದೇ ಈಗ. ಹಾಗೆಂದು ಹೇಳಲು ಬಾಯಿ ತೆರೆದವನು ಅತ್ತೆಯ ಕಣ್ಣು ನೋಡಿ ಮುಚ್ಚಿಕೊಂಡ. "ಹೂಂ... ನಾನೇ" ಎಂದ. ಸಂಗೀತಾ ಮುಖ ತಿರುಗಿಸಿದಳು. ಊಟದ ಪಂಕ್ತಿಯಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ.

ಕೊನೆಗೆ ಆಶೀರ್ವಾದಕ್ಕೆಂದು ಕಾಲಿಗೆ ಬಿದ್ದಾಗ ಅತ್ತೆ ಬಗ್ಗಿ, ಮೆಲ್ಲಗೆ ಕಿವಿಯಲ್ಲಿ ಹೇಳಿದರು: "ಎಂಥ ಒಳ್ಳೆ ಮನುಷ್ಯರು ನೀವು ಅಂತ ಇವತ್ತು ಗೊತ್ತಾಯ್ತು."

ಹನ್ನೊಂದು ವರ್ಷ ಕಾದಿದ್ದ ಮಾತು! ಮಹಾಂತೇಶ ತಲೆಯೆತ್ತಿದ. "ಅತ್ತೆ, ಸ್ವಲ್ಪ ಜೋರಾಗಿ ಹೇಳಿ. ಎಲ್ರಿಗೂ ಕೇಳಿಸ್ಲಿ."

ಬಸವಲಿಂಗಮ್ಮ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಹೋಗ್ಲಿ ಬಿಡಿ ಅಳಿಯಂದ್ರೇ, ಈ ಸಲ ಕ್ಷಮಿಸಿದೀನಿ. ಇನ್ನೊಂದ್ಸಲ ಹಾಗೆಲ್ಲ ಬಲವಂತ ಮಾಡ್ಬೇಡಿ!"