ಕೂಸಿನ ಹೊಟ್ಟೆಗೆ ಊರವರ ಗಡಿಯಾರ

ಒಂದು ಮನೆಯಲ್ಲಿ ಕೂಸು ಹುಟ್ಟಿದರೆ ಸಾಕು, ಆ ಬೀದಿಯ ಗಂಡಸರಿಗೂ ಹಾಲು ಕುಡಿಸೋದು ಗೊತ್ತಾಗಿಬಿಡುತ್ತದೆ. ಎಷ್ಟು ಸಲ ಕುಡಿಸಬೇಕು, ಎಷ್ಟು ಹೊತ್ತು ಕುಡಿಸಬೇಕು, ಎಲ್ಲರೂ ಹೇಳುವವರೇ. ಲಂಗೋಟಿ ಒಗೆದುಕೊಡ್ತೀನಿ ಅಂತ ಮಾತ್ರ ಒಬ್ಬರೂ ಬರಲ್ಲ. ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ಕುರುಬರಹಳ್ಳಿಯ ನಮ್ಮ ಮನೆಗೆ ಬಂದಿದ್ದಾಗ ಇಂಥ ಪಂಡಿತರ ಕಾಟ ಒಂದಲ್ಲ ಎರಡಲ್ಲ. ನನ್ನದು ಒಂದೇ ಮಾತು: ಕೂಸು ಕೇಳಿದಾಗ ಕೊಡು, ಅದಾಗೇ ಬಿಟ್ಟಾಗ ತೆಗಿ. ಇಷ್ಟು ಸುಲಭವಾದ್ದನ್ನ ಯಾರು ಕೇಳ್ತಾರೆ?

ಗೋಡೆ ಗಡಿಯಾರ

ಮೊದಲನೇ ಪಂಡಿತರು ನಮ್ಮ ಅಳಿಯಂದಿರು. ಭಾನುವಾರ ಬಂತೆಂದರೆ ಕೆಂಗೇರಿಯಿಂದ ಬಸ್ಸು ಹಿಡಿದು ಬರೋರು. ಒಂದು ಸಲ ಕಂಕುಳಲ್ಲಿ ಗೋಡೆ ಗಡಿಯಾರ ಇಟ್ಟುಕೊಂಡು ಬಂದರು. ನನಗೇ ಉಡುಗೊರೆ ಅಂದುಕೊಂಡೆ. ಅದನ್ನು ಬಾಣಂತಿ ಮಂಚದ ಎದುರಿಗೇ ಮೊಳೆ ಹೊಡೆದು ನೇತುಹಾಕಿ, "ಮೂರು ಗಂಟೆಗೊಂದು ಸಲ ಕುಡಿಸಬೇಕು ಅತ್ತೆ. ನಮ್ಮ ಆಫೀಸಲ್ಲಿ ಎಲ್ಲರೂ ಹಂಗೇ ಹೇಳ್ತಾರೆ. ಇಲ್ಲದಿದ್ರೆ ಮಗೂಗೆ ಡಿಸಿಪ್ಲಿನ್ ಬರಲ್ಲ" ಅಂದರು.

ಕತ್ತು ನಿಲ್ಲದ ಕೂಸಿಗೆ ಡಿಸಿಪ್ಲಿನ್ನು! ಅಷ್ಟರಲ್ಲಿ ಅದು ಅಳೋಕೆ ಶುರುಮಾಡಿತು. ಮಗಳು ಕೈ ಚಾಚಿದರೆ ಇವರು, "ಇನ್ನೂ ಟೈಮ್ ಆಗಿಲ್ಲ ಕಣೇ" ಅಂತ ಕೂಸನ್ನು ಹೆಗಲಿಗೆ ಹಾಕಿಕೊಂಡು ಗಡಿಯಾರದ ಮುಂದೆ ಓಡಾಡಿದರು. ಪಾಪ, ಅದು ಅವರ ಅಂಗಿ ಕಾಲರನ್ನೇ ಚೀಪಿತು.

ನಾನು ಒಳಗೆ ಹೋಗಿ ಅಕ್ಕಿ ರೊಟ್ಟಿ ತಟ್ಟಿದೆ. ಘಮ ಹೊರಗೆ ಹೋಗಿದ್ದೇ ತಡ, ಅಳಿಯಂದಿರು ಅಡುಗೆಮನೆ ಬಾಗಿಲಲ್ಲಿ.

"ಅತ್ತೆ, ಬಿಸಿಬಿಸೀದು ಒಂದು ಕೊಡಿ."

"ಬೆಳಿಗ್ಗೆ ಇಡ್ಲಿ ತಿಂದ್ರಲ್ಲ. ಇನ್ನೂ ಟೈಮ್ ಆಗಿಲ್ಲ."

"ಹೊಟ್ಟೆ ಹಸೀತಿದೆ ಅತ್ತೆ."

"ಹಸಿದಾಗೆಲ್ಲ ತಿಂದ್ರೆ ಡಿಸಿಪ್ಲಿನ್ ಎಲ್ಲಿ ಬರುತ್ತೆ? ಅಲ್ಲೀತನಕ ಕಾಲರ್ ಚೀಪ್ತಾ ಇರಿ."

ರೊಟ್ಟಿ ತಣ್ಣಗಾಗೋ ಮೊದಲೇ ಗಡಿಯಾರ ಗೋಡೆಯಿಂದ ಇಳಿಯಿತು. ಸೆಲ್ ಮುಗಿದಿದೆಯಂತೆ.

ಧಾರಾವಾಹಿ ಲೆಕ್ಕ

ಎಷ್ಟು ಹೊತ್ತು ಕುಡಿಸಬೇಕು ಅನ್ನೋದಕ್ಕೆ ಎದುರು ಮನೆಯಾಕೆ ಬಂದಳು. ಟಿವಿ ಬಿಟ್ಟರೆ ಅವಳಿಗೆ ಬೇರೆ ಲೋಕ ಇಲ್ಲ. ಮಗಳ ಪಕ್ಕ ಕೂತು, "ನೋಡಮ್ಮ, ಧಾರಾವಾಹಿ ಶುರುವಾದಾಗ ಮೊಲೆಗೆ ಹಾಕು. ಜಾಹೀರಾತು ಬಂತಾ, ಬಿಡಿಸಿಬಿಡು. ನಾನು ನನ್ನ ಇಬ್ಬರು ಮಕ್ಕಳನ್ನೂ ಹಂಗೇ ಸಾಕಿದ್ದು" ಅಂದಳು. ಆ ಇಬ್ಬರನ್ನೂ ನಾನು ನೋಡಿದ್ದೀನಿ. ಈಗಲೂ ಜಾಹೀರಾತು ಬಂದರೆ ಸಾಕು, ಏನಾದರೂ ತಿನ್ನೋಕೆ ಕೊಡು ಅಂತ ಎದ್ದು ಬರ್ತವೆ.

ಮಾರನೇ ದಿನ ಸಂಜೆ ಕರೆಂಟ್ ಹೋಯಿತು. ಅವಳು ಅಲ್ಲಿಂದಲೇ ಕೂಗಿದಳು: "ಅಕ್ಕಾ, ನಿಮ್ಮನೇಲೂ ಹೋಯ್ತಾ?"

"ಹೋಯ್ತು ಕಣಮ್ಮ. ಆದ್ರೆ ನನ್ನ ಮಗಳದ್ದು ಕರೆಂಟಲ್ಲಿ ಬರೋ ಹಾಲಲ್ಲ, ನೀನು ಚಿಂತೆ ಮಾಡಬೇಡ" ಅಂದೆ.

ಕೊಳಾಯಿ ಮುಚ್ಚಿ ತೊಟ್ಟಿ ನೋಡಿದವರು

ಇವರೆಲ್ಲ ನಗೋಕಾದರೂ ಆದರು. ಅಳಿಯನ ತಾಯಿ, ನಮ್ಮ ಬೀಗಿತ್ತಿ ಬಂದಾಗ ಮಾತ್ರ ನಗು ಹಾರಿಹೋಯಿತು. ಮಗಳ ಕೈಯಲ್ಲಿದ್ದ ನೀರಿನ ಲೋಟ ಕಿತ್ತಿಟ್ಟು, "ಬಾಣಂತಿಗೆ ನೀರು ಕೊಡ್ತಾರಾ? ಹೊಟ್ಟೆ ದಪ್ಪ ಆಗುತ್ತೆ" ಅಂದರು. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. "ಈಗ ತಾನೇ ಕುಡಿದಿದ್ದು, ಮತ್ತೆ ಅಳುತ್ತಾ? ಇವಳಿಗೆ ಹಾಲು ಸಾಲಲ್ಲ" ಅಂತ ಅದೇ ಬಾಯಲ್ಲಿ ತೀರ್ಪು. ಕೊಳಾಯಿ ಮುಚ್ಚೋರೂ ಇವರೇ, ತೊಟ್ಟಿ ತುಂಬಿಲ್ಲ ಅನ್ನೋರೂ ಇವರೇ.

"ನಾಮಕರಣದ ದಿನ ಡಬ್ಬಿ ಹಾಲು ತರ್ತೀನಿ. ನಾನೇ ಶುರುಮಾಡಿ ಹೋಗ್ತೀನಿ. ಮೊಲೆಹಾಲಿನ ಆಟ ಸಾಕು" ಅಂತ ಹೇಳಿ ಹೊರಟರು.

ಹಾಲೇ ಬಾರದ ತಾಯಂದಿರಿಗೆ ಡಬ್ಬಿ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ನನ್ನ ಮಗಳು ಗೋಡೆ ಕಡೆ ತಿರುಗಿ ಮಲಗಿದಳು. "ಅಮ್ಮ, ನಿಜವಾಗ್ಲೂ ನನ್ನ ಹತ್ರ ಹಾಲಿಲ್ವಾ? ನನ್ನ ಮಗು ಹಸಿದುಕೊಂಡೇ ಇದೆಯಾ?" ಅಂದಳು. ಮೊದಲು ನೀರು ಕುಡಿಸಿದೆ. ಆಮೇಲೆ ಕೈ ಹಿಡಿದು ಹಿತ್ತಲಿಗೆ ಕರಕೊಂಡು ಹೋದೆ. ಹಗ್ಗದ ತುಂಬ ಲಂಗೋಟಿ, ಬಕೆಟ್ಟಿನಲ್ಲಿ ಇನ್ನೊಂದು ರಾಶಿ.

"ಹಾಲಿಲ್ಲದಿದ್ರೆ ಇಷ್ಟನ್ನೂ ಒದ್ದೆ ಮಾಡಿದ್ದು ಯಾರೇ? ನಿಮ್ಮಪ್ಪನಾ?"

ಅಳ್ತಾ ಅಳ್ತಾನೇ ನಕ್ಕಳು. ಆದರೂ ನಂಬಿಕೆ ಪೂರ್ತಿ ಬರಲಿಲ್ಲ. ಅತ್ತೆ ಹೇಳಿದ ಮಾತು ನೋಡಿ, ಹಲಸಿನ ಅಂಟಿದ್ದ ಹಾಗೆ.

ಡಬ್ಬಿ ಹಾಲು

ನಾಮಕರಣದ ದಿನ ಬೀಗಿತ್ತಿ ಬಂದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಟಲಿ, ಮೈಮೇಲೆ ಅಂಗೈ ಅಗಲ ಜರಿಯ ಹೊಸ ರೇಷ್ಮೆ ಸೀರೆ. ಮದುವೆಯಲ್ಲಿ ನಾವು ಕೊಟ್ಟದ್ದಲ್ಲ, ಅದು ಉಡೋ ಹಾಗಿಲ್ಲವಂತೆ. ಹೆಸರಿಟ್ಟಾದ ಮೇಲೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡರು.

"ಎಲ್ಲರೂ ನೋಡಿ, ಹೊಟ್ಟೆಗಿಲ್ಲದ ಮಗು ಹೆಂಗೆ ಗಟಗಟ ಕುಡಿಯುತ್ತೆ!"

ಕೂಸು ಬಾಯಿ ಬಿಗಿಹಿಡಿದು ಮುಖ ತಿರುಗಿಸಿತು. ಅವರು ಈ ಕಡೆಯಿಂದ ಇಟ್ಟರೆ ಅದು ಆ ಕಡೆ. ಆಮೇಲೆ ಒಂದು ಗಳಿಗೆ ಸುಮ್ಮನಾಯಿತು. ಬೀಗಿತ್ತಿ ಗೆದ್ದೆ ಅಂತ ಮುಗುಳ್ನಕ್ಕರು. ಮರುಕ್ಷಣ ತೊಡೆ ಬೆಚ್ಚಗಾಗಿ ಆ ನಗು ಹಾಗೇ ನಿಂತಿತು. ಜರಿಯ ಅಂಚಿನಿಂದ ತೊಟ್ಟಿಕ್ಕಿ ಚಾಪೆಯ ಮೇಲೆ ಕಾಲುವೆಯೇ ಹರಿಯಿತು.

"ಅಯ್ಯೋ, ನನ್ನ ಸೀರೆ!"

"ಹಾಲು ಸಾಲಲ್ಲ ಅಂದ್ರಲ್ಲ ಬೀಗರೇ," ಅಂದೆ, "ಮಿಕ್ಕಿದ್ದನ್ನ ವಾಪಸ್ ಕೊಡ್ತಿದೆ, ಇಸ್ಕೊಳ್ಳಿ."

ನಡುಮನೆಯೆಲ್ಲ ಗೊಳ್ಳೆಂದಿತು. ಆ ಸದ್ದಿಗೆ ಕೂಸು ಅಳೋಕೆ ಶುರುಮಾಡಿತು. ಟವೆಲ್ ಹಿಡಿದು ಓಡಿಬಂದ ಅಳಿಯಂದಿರೂ ನಕ್ಕುಬಿಟ್ಟರು. ಮಗಳು ರೂಮಿನಿಂದ ಎದ್ದು ಬಂದಳು. ಅತ್ತೆಯ ಎದುರು ದನಿ ಎತ್ತದವಳು, "ಕೊಡಿ ಅತ್ತೆ, ಅವಳಿಗೆ ಬೇಕಾಗಿರೋದು ನನ್ನ ಹತ್ರ ಇದೆ" ಅಂತ ಕೂಸನ್ನು ಎತ್ತಿಕೊಂಡು ಹೋಗಿ, ಬಾಗಿಲ ಮರೆಯಲ್ಲಿ ಕೂತು ಮೊಲೆಗೆ ಹಾಕಿಕೊಂಡಳು. ಅಳು ನಿಂತಿತು.

ಊಟವಾಗಿ ಕಾಫಿ ಹೊತ್ತು. ಬೀಗಿತ್ತಿ ನನ್ನ ನೂಲಿನ ಸೀರೆ ಉಟ್ಟು ಮುಖ ಊದಿಸಿಕೊಂಡು ಕೂತಿದ್ದರು. ಅಡುಗೆಮನೆಯಲ್ಲಿ ನೋಡಿದರೆ ಹಾಲಿನ ಪಾಕೆಟ್ ಒಂದೂ ಉಳಿದಿಲ್ಲ. ಬೂತಿನಲ್ಲೂ ಖಾಲಿ. ಏನು ಮಾಡಲಿ? ಕಣ್ಣೆದುರಿಗೆ ಆ ಡಬ್ಬಿ ಕೂತಿತ್ತು. ಬಿಸಿನೀರಿಗೆ ಧಾರಾಳವಾಗಿ ಸುರಿದು ಕಲಸಿ, ಡಿಕಾಕ್ಷನ್ ಹಾಕಿದೆ.

ಬೀಗಿತ್ತಿ ಒಂದು ಗುಟುಕು ಕುಡಿದರು. ಮುಖ ಅರಳಿತು. ಇನ್ನರ್ಧ ಲೋಟ ಹಾಕಿಸಿಕೊಂಡು, "ಕಾಫಿ ಅಂದ್ರೆ ಇದು ನೋಡಿ! ಏನು ಗಟ್ಟಿ, ಏನು ರುಚಿ! ಯಾವ ಹಾಲು ಬೀಗರೇ?" ಅಂದರು.

ನಾನು ಅಡುಗೆಮನೆಗೆ ಹೋದೆ. ಡಬ್ಬಿ ತಂದು ಅವರ ಮುಂದಿಟ್ಟೆ. ಲೋಟ ತುಟಿಯ ಹತ್ತಿರವೇ ನಿಂತಿತು. ಬಾಗಿಲ ಮರೆಯಿಂದ ಮಗಳ ದನಿ ಬಂತು:

"ಹೊಟ್ಟೆ ತುಂಬ ಕುಡೀರಿ ಅತ್ತೆ. ಅತ್ತರೆ ಅಮ್ಮ ಇನ್ನೊಂದು ಲೋಟ ಕಲಸಿ ಕೊಡ್ತಾಳೆ."