ಹಾಲಿಗೆ ಬಿದ್ದ ಕೆಂಪು ಕಲ್ಲು

ನಾನು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವಳು. ಪಾಸಾದೆನೋ ಇಲ್ಲವೋ ಎನ್ನುವುದು ಇಲ್ಲಿ ಅಪ್ರಸ್ತುತ. ಹಾಗಾಗಿ ಒಂದು ಉಂಗುರದ ಕಲ್ಲು ಯಾವುದೆಂದು ಮನೆಯಲ್ಲೇ ಕೂತು ಪತ್ತೆ ಹಚ್ಚುವುದು ನನಗೆ ಎಡಗೈ ಕೆಲಸ ಎಂದೇ ನಂಬಿದ್ದೆ.

ನಮ್ಮತ್ತೆಯ ಬಳಿ ನೋಡಲು ಒಂದೇ ಥರದ ಎರಡು ಕೆಂಪು ಕಲ್ಲಿನ ಉಂಗುರಗಳಿದ್ದವು. ಒಂದನ್ನು ಕೆ.ಆರ್. ನಗರಕ್ಕೆ ಕೊಟ್ಟಿರುವ ಮಗಳು ಪುಷ್ಪಾಗೆ, ಇನ್ನೊಂದನ್ನು ಸೊಸೆಯಾದ ನನಗೆ ಕೊಟ್ಟರು. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪುಷ್ಪಾ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವ ಮುಂಚೆ ನನ್ನ ಬೆರಳು ಹಿಡಿದು ನೋಡಿದಳು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಒಂದು ಅಸಲಿ, ಒಂದು ಗಾಜಂತೆ. ನಿಮ್ದು ಗಾಜೇ ಇರ್ಬೇಕು. ಹೊಳಪು ನೋಡಿದ್ರೇ ಗೊತ್ತಾಯ್ತದೆ."

ಬಸ್ಸು ಹೊರಟಿತು. ನನ್ನ ನೆಮ್ಮದಿಯೂ ಅದೇ ಬಸ್ಸು ಹತ್ತಿತು.

ಅತ್ತೆಯನ್ನೇ ಕೇಳಿದೆ. "ಕಣ್ಣು ಮಂಜು ಕಣವ್ವ, ಯಾವ್ದು ಯಾವ್ದೋ!" ಎಂದರು.

"ಹುಣಸೂರಲ್ಲಿ ಚಿನ್ನದಂಗಡಿಗೆ ತೋರ್ಸು. ಕ್ಷಣದ ಕೆಲಸ," ಎಂದರು ನನ್ನ ಯಜಮಾನರು. ಹೊಗೆಸೊಪ್ಪು ಬೆಳೆಯುವವರು. ಅವರಿಗೆ ಎಲ್ಲವನ್ನೂ ಯಾರಾದರೂ ನೋಡಿ ದರ್ಜೆ ಹೇಳಿದರೇ ಸಮಾಧಾನ.

"ಅವ್ರು ಕಲ್ಲು ಬದಲಾಯಿಸಿಬಿಟ್ರೆ? ಮೊಬೈಲಲ್ಲಿ ವಿಡಿಯೋ ಇದೆ ಕಣ್ರೀ. ಮನೇಲೇ ಪರೀಕ್ಷೆ ಮಾಡ್ಬೋದು."

ಮೊದಲು ಉಸಿರಿನ ಪರೀಕ್ಷೆ. ಕಲ್ಲಿನ ಮೇಲೆ ಊದಬೇಕು. ಕಟ್ಟಿದ ಮಂಜು ತಕ್ಷಣ ಹೋದರೆ ಅಸಲಿ. ಊದಿದೆ. ಕನ್ನಡಕ ಹಾಕಿಕೊಂಡು ನೋಡುವಷ್ಟರಲ್ಲಿ ಮಂಜು ಇರಲಿಲ್ಲ. ತಕ್ಷಣ ಹೋಯಿತೋ, ನಿಧಾನವಾಗಿ ಹೋಯಿತೋ? ಮತ್ತೆ ಊದಿದೆ. ಈ ಸಲ ಕನ್ನಡಕಕ್ಕೇ ಮಂಜು ಕಟ್ಟಿತು! ತಲೆ ಸುತ್ತುವವರೆಗೂ ಊದಿದೆ.

"ಪರೀಕ್ಷೆ ಮಾಡ್ತಿದ್ದೀಯೋ, ಒಲೆ ಹಚ್ತಿದ್ದೀಯೋ?" ಎಂದರು ಯಜಮಾನರು.

ಆಮೇಲೆ ಗೀರುವ ಪರೀಕ್ಷೆ. ಪಿನ್ನಿನಿಂದ ಕಲ್ಲನ್ನು ಉಂಗುರದಿಂದ ಎಬ್ಬಿಸಿ, ಇಕ್ಕಳದಲ್ಲಿ ಹಿಡಿದು, ಬೀರುವಿನ ಕನ್ನಡಿಗೆ ಎಳೆದೆ. ಕರ್ರ್! ನನ್ನ ಪ್ರತಿಬಿಂಬದ ಹಣೆಯಿಂದ ಗಲ್ಲದವರೆಗೆ ಗೆರೆ!

"ಅಸಲಿ ಕಣ್ರೀ!"

ಯಜಮಾನರು ಬಂದು ನೋಡಿದರು. "ಗೀರಿದ್ದು ಕಲ್ಲೋ, ಇಕ್ಕಳವೋ?"

ಇಂಥ ಪ್ರಶ್ನೆಗಳಿಂದಲೇ ಸಂಸಾರಗಳು ಕೆಡುವುದು. ಅನುಮಾನ ಪರಿಹಾರಕ್ಕಾಗಿ ಬರೀ ಇಕ್ಕಳದಿಂದ ಎಳೆದೆ. ಅದೂ ಗೆರೆ ಹಾಕಿತು. ಈಗ ಆ ಕನ್ನಡಿಯಲ್ಲಿ ಯಾರು ನೋಡಿಕೊಂಡರೂ ಮುಖಕ್ಕೆ ಹೊಲಿಗೆ ಹಾಕಿಸಿಕೊಂಡವರಂತೆ ಕಾಣುತ್ತಾರೆ.

ಕೊನೆಗೆ ಹಾಲಿನ ಪರೀಕ್ಷೆ. ಅಸಲಿ ಕೆಂಪು ಕಲ್ಲನ್ನು ಹಾಲಿಗೆ ಹಾಕಿದರೆ ಹಾಲು ನಸುಗೆಂಪಾಗುತ್ತದಂತೆ. ಬೆಳಗ್ಗೆ ಲೋಟದ ಹಾಲಿಗೆ ಕಲ್ಲು ಬಿಟ್ಟು, ಸಾಕ್ಷಿಗೆಂದು ಅತ್ತೆಯನ್ನು ಕರೆಯಲು ಹಿತ್ತಿಲಿಗೆ ಹೋದೆ. ಕಣ್ಣು ಕಾಣದವರನ್ನು ಬಣ್ಣ ನೋಡಲು ಕರೆಯುವ ಬುದ್ಧಿ ನನಗೆ ಮಾತ್ರ ಬರಲು ಸಾಧ್ಯ.

ಬಂದು ನೋಡಿದರೆ ಲೋಟ ಖಾಲಿ. ಯಜಮಾನರು ಮೀಸೆ ಒರೆಸಿಕೊಳ್ಳುತ್ತಿದ್ದರು. ಅವತ್ತು ನಮ್ಮ ಹೊಗೆಸೊಪ್ಪು ಹರಾಜಿಗಿತ್ತು, ಅವಸರದಲ್ಲಿದ್ದರು.

"ರೀ, ಹಾಲು?"

"ಕುಡ್ದೆ."

"ಒಳಗೇನಾದ್ರೂ ಸಿಕ್ತಾ?"

"ಸಕ್ಕರೆ ಕರಗಿರ್ಲಿಲ್ಲ. ಹರಳು ಗಂಟಲಲ್ಲಿ ಇಳೀತು. ಯಾಕೆ?"

ಹುಟ್ಟಿದಾಗಿನಿಂದ ಮುದ್ದೆ ನುಂಗಿದ ಗಂಟಲು. ಅಗಿಯುವ ಅಭ್ಯಾಸವೇ ಇಲ್ಲ!

"ಅದು ಸಕ್ಕರೆ ಅಲ್ಲ ಕಣ್ರೀ... ನನ್ನ ಕಲ್ಲು!"

ಅವರು ನಿಧಾನವಾಗಿ ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡರು. ಅತ್ತೆ ಲೋಟದೊಳಗೆ ಬಗ್ಗಿ ನೋಡಿ, "ಕೆಂಪೇನೂ ಕಾಣಾಕಿಲ್ವಲ್ಲವ್ವ," ಎಂದರು.

ಆಸ್ಪತ್ರೆಗೆ ಓಡಿದೆವು. "ಹೊಟ್ಟೇಲಿ ಕಲ್ಲದೆ ಸಾರ್," ಎಂದರು ಯಜಮಾನರು.

"ನೋವು ಯಾವಾಗಿನಿಂದ?" ಕೇಳಿದರು ಡಾಕ್ಟರು.

"ನೋವಿಲ್ಲ ಸಾರ್. ಬೆಳಗ್ಗೆ ಹಾಲಲ್ಲಿ ಬಂತು."

ಎಕ್ಸ್‌ರೇಯಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಂಡಿತು. ನಾನು ಬಗ್ಗಿ ನೋಡಿ, "ಡಾಕ್ಟ್ರೇ, ಇದ್ರಲ್ಲಿ ಅಸಲಿನೋ ಗಾಜೋ ಗೊತ್ತಾಗುತ್ತಾ?" ಎಂದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಯಜಮಾನರು ನೋಡಿದ ನೋಟವನ್ನು ವರ್ಣಿಸುವ ಧೈರ್ಯ ನನಗಿಲ್ಲ.

"ತಾನಾಗೇ ಹೊರಗೆ ಬರುತ್ತೆ. ಬಾಳೆಹಣ್ಣು ತಿನ್ನಲಿ. ಯಾರಾದ್ರೂ ಗಮನಿಸ್ತಾ ಇರಿ."

ಯಾರಾದರೂ ಎಂದರೆ ಯಾರು? ಇಬ್ಬರೂ ನನ್ನ ಕಡೆ ತಿರುಗಿದರು.

ಆಮೇಲೆ ನಡೆದದ್ದನ್ನು ಊಟದ ಹೊತ್ತಿನಲ್ಲಿ ಓದುವವರೂ ಇರಬಹುದಾದ್ದರಿಂದ ವಿವರಿಸುವುದಿಲ್ಲ. ಒಂದು ಹಳೆಯ ಜರಡಿ, ಮೂಗಿಗೊಂದು ಟವಲ್ ಎಂದರೆ ಸಾಕು. ಕಲ್ಲು ಬೇರೆಡೆ ಕಳೆದುಹೋಗಬಾರದೆಂದು ನಾನು ಅವರನ್ನು ಮನೆ ಬಿಟ್ಟು ಕಳಿಸಲಿಲ್ಲ. ಹರಾಜಿನಲ್ಲಿ ನಮ್ಮ ಸೊಪ್ಪಿನ ಸರದಿ ಬಂದಾಗ, ಅದರ ಮಾಲೀಕರು ಮನೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದರು!

"ಇನ್ನೂ ಬರ್ಲಿಲ್ವಾ?" ಎಂದು ಬಾಗಿಲು ತಟ್ಟಿದೆ.

"ಬುಡು ಮಾರಾಯ್ತಿ, ನೆಮ್ಮದಿಯಾಗಿ ಕೂರಾಕಾದ್ರೂ ಬುಡು!"

ಕಲ್ಲು ಬಂತು. ಬಿಸಿನೀರು, ಸೋಪು, ಅರಿಶಿನ, ಮತ್ತೆ ಸೋಪು ಹಾಕಿ ತೊಳೆದು, ಕೊನೆಗೂ ಹುಣಸೂರಿನ ಅಂಗಡಿಗೆ ಹೋದೆವು. ಅಂಗಡಿಯವರು ಕಲ್ಲನ್ನು ಎತ್ತಿ, "ತಂಪು ನೋಡಿದ್ರೇ ಅರ್ಧ ತಿಳೀತದೆ," ಎಂದು ತುಟಿಯ ಹತ್ತಿರ ತಂದರು.

"ಬೇಡಾ!" ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು. ಮದುವೆಯಾದಾಗಿನಿಂದ ನಾವು ಇಷ್ಟು ಒಮ್ಮತದಿಂದ ಮಾತಾಡಿದ್ದೇ ಇಲ್ಲ.

ಅವರು ಬೆಚ್ಚಿಬಿದ್ದು, ಭೂತಗನ್ನಡಿ ಹಿಡಿದು ನೋಡಿ, "ಗಾರ್ನೆಟ್ ಕಣಮ್ಮ. ಮಾಣಿಕ್ಯ ಅಲ್ಲ, ಆದ್ರೆ ಅಸಲಿ ಕಲ್ಲೇ," ಎಂದು ಉಂಗುರಕ್ಕೆ ಕೂರಿಸಿ ಕೊಟ್ಟರು.

ಗೆದ್ದೆ! ಮನೆಗೆ ಬಂದವಳೇ ಅತ್ತೆಯ ಮುಂದೆ ಸ್ಪೀಕರ್ ಹಾಕಿ ಪುಷ್ಪಾಗೆ ಫೋನ್ ಮಾಡಿದೆ. "ನಂದೇ ಅಸಲಿ ಕಣೇ! ಅಂಗಡಿಯವರೇ ಹೇಳಿದ್ರು!"

ಪುಷ್ಪಾಗಿಂತ ಮೊದಲು ಅತ್ತೆ ಮಾತಾಡಿದರು.

"ಅಯ್ಯೋ, ಅಂಗಾದ್ರೆ ಅದಲು ಬದಲಾಗ್ಬುಟ್ಟದೆ ಕಣವ್ವ! ಅಸಲೀದು ಮಗಳಿಗೆ, ಗಾಜಿಂದು ನಿಂಗೆ ಅಂತ ಮಡಗಿದ್ದೆ. ಈ ಹಾಳು ಕಣ್ಣು! ಸದ್ಯ, ನೀನು ಓದ್ದೋಳು, ಕಂಡು ಹಿಡ್ದೆ."

"ಭಾನುವಾರ ಬತ್ತೀನಿ ಅತ್ತಿಗೆ," ಎಂದಿತು ಫೋನು.

ಈಗ ನನ್ನ ಬೆರಳಲ್ಲಿ ಗಾಜಿದೆ. ಗಾಜು ಎಂಬುದರಲ್ಲಿ ಇಡೀ ಬಳಗದಲ್ಲಿ ಯಾರಿಗೂ ಅನುಮಾನವಿಲ್ಲ. ಅಷ್ಟು ಕಷ್ಟಪಟ್ಟು ಸಾಬೀತು ಮಾಡಿಕೊಟ್ಟವಳು ನಾನೇ ತಾನೇ!